ಪತ್ರಿಕೆಯಲ್ಲಿ ಬರುವ ‘ದಾಖಲೆ ಬಿಸಿಲು’ ಎಷ್ಟು ನಿಜ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಒಂದೇ ದಿನ ಒಂದು ಪತ್ರಿಕೆ ನಿಮ್ಮೂರಲ್ಲಿ 46 ಡಿಗ್ರಿ, ಸಾರ್ವಕಾಲಿಕ ದಾಖಲೆ ಎಂದು ಮುಖಪುಟದಲ್ಲಿ ಹಾಕಿತು. ಇನ್ನೊಂದು 43 ಎಂದಿತು. ಕೈಯಲ್ಲಿದ್ದ ಮೊಬೈಲ್ 41 ತೋರಿಸುತ್ತಿತ್ತು. ಹಿಂದೆ ದೆಹಲಿಯ 52.9 ಕೂಡ ತಪ್ಪು ಎಂದು ಗೊತ್ತಾಯಿತು. ಹಾಗಾದರೆ ಬಿಸಿಲು ಏರುತ್ತಿದೆ ಎನ್ನುವುದೇ ಪತ್ರಿಕೆಯವರ ಸೃಷ್ಟಿಯಾ ಎಂದು ಕೇಳಿದ್ದೀರಿ.

ನಾನು ಉತ್ತರ ಕರ್ನಾಟಕದ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಹವಾಮಾನ ವೀಕ್ಷಕನಾಗಿದ್ದೆ. ಬೆಳಗ್ಗೆ ಏಳಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಥರ್ಮಾಮೀಟರ್ ಓದಿ ರಿಜಿಸ್ಟರಿನಲ್ಲಿ ಬರೆಯುವುದೇ ನನ್ನ ಕೆಲಸ. ಹಬ್ಬವಿರಲಿ, ಮನೆಯಲ್ಲಿ ಮದುವೆಯಿರಲಿ, ಆ ಎರಡು ಹೊತ್ತು ತಪ್ಪಿಸುವಂತಿರಲಿಲ್ಲ. ಅಷ್ಟು ವರ್ಷದ ಅನುಭವದಿಂದ ಹೇಳುತ್ತೇನೆ: ಅದೇ ದಿನ ಹೊರಬಿದ್ದ ದಾಖಲೆಯ ಅಂಕಿಯನ್ನು ನೀವು ಅನುಮಾನಿಸುವುದು ಸರಿ. ಆದರೆ ಆ ಅಂಕಿ ಬಿದ್ದುಹೋದರೆ ಬಿಸಿಲೂ ಸುಳ್ಳು ಎಂದುಕೊಳ್ಳುವುದು ತಪ್ಪು. ಇವೆರಡನ್ನೂ ಬಿಡಿಸಿ ಹೇಳಬೇಕು, ಸ್ವಲ್ಪ ಉದ್ದವಾಗುತ್ತದೆ.

ಮೊದಲು ದೆಹಲಿಯ ವಿಷಯ. 2024ರ ಮೇ 29ರ ಮಧ್ಯಾಹ್ನ ದೆಹಲಿಯ ಹೊರವಲಯದ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ ಮೊದಲು 52.3, ಆಮೇಲೆ 52.9 ಡಿಗ್ರಿ ತೋರಿಸಿತು. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು ದಾಖಲಾದ 51 ಡಿಗ್ರಿಯೇ ಅಲ್ಲಿಯವರೆಗೆ ದೇಶದ ಗರಿಷ್ಠ. ಅದನ್ನು ಸುಮಾರು ಎರಡು ಡಿಗ್ರಿ ಮೀರಿದ ಅಂಕಿ ಸಿಕ್ಕರೆ ಯಾವ ಸುದ್ದಿಮನೆ ಸುಮ್ಮನಿರುತ್ತದೆ? ಸಂಜೆಯೊಳಗೆ ಜಗತ್ತಿಗೆಲ್ಲ ಹಬ್ಬಿತು. ಅದೇ ದಿನ ದೆಹಲಿ ಸುತ್ತಲಿನ ಬೇರೆ ಕೇಂದ್ರಗಳಲ್ಲಿ ಇದ್ದದ್ದು 45.2ರಿಂದ 49.1ರವರೆಗೆ. ನಗರದ ಹಳೆಯ, ಪ್ರಮುಖ ಕೇಂದ್ರವಾದ ಸಫ್ದರ್‌ಜಂಗ್‌ನಲ್ಲಿ 46.8. ಹವಾಮಾನ ಇಲಾಖೆ ತಜ್ಞರನ್ನು ಕಳಿಸಿ, ಪ್ರಮಾಣಿತ ಉಪಕರಣವನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿಸಿತು. ಮುಂಗೇಶ್‌ಪುರದ ಸೆನ್ಸರ್ ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಮರುದಿನವೇ ನಾಗಪುರದ ಒಂದು ಸ್ವಯಂಚಾಲಿತ ಕೇಂದ್ರ 56 ಡಿಗ್ರಿ ತೋರಿಸಿ, ಅದೂ ಸೆನ್ಸರ್ ಕೆಟ್ಟಿದ್ದರಿಂದ ಎಂದಾಯಿತು.

ಈಗ ಒಂದು ಲೆಕ್ಕ ನೋಡಿ. 52.9ರಲ್ಲಿ ಮೂರು ಕಳೆದರೆ ಉಳಿಯುವುದು 49.9. ದಾಖಲೆ ಹೋಯಿತು, ಐವತ್ತರ ಹತ್ತಿರದ ಬೆಂಕಿಯಂಥ ಬಿಸಿಲು ಹಾಗೆಯೇ ಉಳಿಯಿತು. ‘ಎಲ್ಲ ಸುಳ್ಳು ಸುದ್ದಿ’ ಎಂದು ವಾಟ್ಸಾಪಿನಲ್ಲಿ ಹಂಚಿಕೊಂಡವರು ಈ ಕಳೆಯುವ ಲೆಕ್ಕ ಮಾಡಲೇ ಇಲ್ಲ. ನನಗೆ ಬೇಸರ ಆಗುವುದು ಅಲ್ಲಿ. ಆ ಬಿಸಿಲಲ್ಲಿ ಇಟ್ಟಿಗೆ ಹೊರುವವರಿಗೆ 49.9ಕ್ಕೂ 52.9ಕ್ಕೂ ಏನು ವ್ಯತ್ಯಾಸ?

ಇನ್ನು ಅಂಕಿ ತಪ್ಪಾಗುವುದು ಹೇಗೆ ಎಂಬುದು. ನಮ್ಮಲ್ಲಿ ನಾಲ್ಕು ಕಾಲಿನ ಮೇಲೆ ನಿಂತ, ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆಯಿತ್ತು. ಸ್ಟೀವನ್ಸನ್ ಪೆಟ್ಟಿಗೆ ಎನ್ನುತ್ತಾರೆ. ಗಾಳಿ ಆಡಬೇಕು, ಬಿಸಿಲು ಒಳಗೆ ಬೀಳಬಾರದು, ಅದಕ್ಕೆ ಸುತ್ತಲೂ ಓರೆಯಾಗಿ ಜೋಡಿಸಿದ ಪಟ್ಟಿಗಳ ಗೋಡೆ. ಬಾಗಿಲು ಉತ್ತರಕ್ಕೆ, ತೆರೆದಾಗಲೂ ಸೂರ್ಯ ಒಳಗೆ ಇಣುಕದಂತೆ. ಒಳಗೆ ನಾಲ್ಕು ಥರ್ಮಾಮೀಟರ್. ಗರಿಷ್ಠ ಅಳೆಯುವುದರಲ್ಲಿ ಪಾದರಸ, ಕನಿಷ್ಠ ಅಳೆಯುವುದರಲ್ಲಿ ಸ್ಪಿರಿಟ್. ಆ ಸ್ಪಿರಿಟ್ ಒಳಗೆ ಸೂಜಿಯಂಥ ಒಂದು ಸಣ್ಣ ಕಡ್ಡಿ ಇರುತ್ತದೆ. ತಂಪಾಗುತ್ತಾ ಹೋದಂತೆ ಸ್ಪಿರಿಟ್ ಕಡ್ಡಿಯನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ ಬಿಡುತ್ತದೆ. ಬಲ್ಬಿನಿಂದ ದೂರ ಇರುವ ತುದಿ ಎಲ್ಲಿ ನಿಂತಿದೆಯೋ ಅದೇ ಆ ರಾತ್ರಿಯ ಕನಿಷ್ಠ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಬಲ್ಬಿನ ಕಡೆಯ ತುದಿಯನ್ನು ಓದಿದೆ. ಏಪ್ರಿಲ್ ತಿಂಗಳು. ಇಪ್ಪತ್ತೈದು ಇರಬೇಕಾದ ಕಡೆ ಹತ್ತೊಂಬತ್ತೂವರೆ ಬರೆದೆ. ಮೂರು ದಿನ ಹಾಗೇ ಬರೆದೆ. ನಮ್ಮ ಹಿರಿಯ ವೀಕ್ಷಕರು ರಿಜಿಸ್ಟರ್ ತಿರುವಿ ಹಾಕಿ, ಒಂದು ಮಾತೂ ಬೈಯದೆ ನನ್ನನ್ನು ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋದರು. ಥರ್ಮಾಮೀಟರನ್ನು ವಾಲಿಸಿ ಕಡ್ಡಿಯನ್ನು ಸ್ಪಿರಿಟಿನ ಅಂಚಿಗೆ ತಂದರು. ‘ಈಗ ಪಕ್ಕದ್ದನ್ನ ಓದು, ಅದು ಈ ಹೊತ್ತಿನ ತಾಪ, ಇದನ್ನೂ ಓದು, ಎರಡೂ ತಾಳೆ ಆಗ್ತವಾ ನೋಡು’ ಅಂದರು. ಆಗಲಿಲ್ಲ, ನಾನು ಓದುತ್ತಿದ್ದದ್ದು ತಪ್ಪು ತುದಿ. ಆ ಮೂರು ದಿನದ ಅಂಕಿಗಳ ಮೇಲೆ ಕೆಂಪು ಶಾಯಿಯ ಗೆರೆ ಎಳೆದು ಸಹಿ ಹಾಕಿದರು.

ಇದೇ ಬಗೆಯ ತಪ್ಪು ಒಂದು ವಿಶ್ವದಾಖಲೆಯನ್ನೇ 90 ವರ್ಷ ಹೊತ್ತುಕೊಂಡಿತ್ತು. ಲಿಬಿಯಾದ ಎಲ್ ಅಜೀಜಿಯಾದಲ್ಲಿ 1922ರ ಸೆಪ್ಟೆಂಬರ್ 13ರಂದು 58 ಡಿಗ್ರಿ ಬಂತು ಎಂದು ನಾವೆಲ್ಲ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬಾಯಿಪಾಠ ಮಾಡಿದವರೇ. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ತೆಗೆದುಹಾಕಿತು. ಹಳೆಯ ದಾಖಲೆ ಹಾಳೆಯನ್ನು ಹುಡುಕಿ ತೆಗೆಸಿ ನೋಡಿದಾಗ, ಅಭ್ಯಾಸವಿಲ್ಲದ ಹೊಸ ವೀಕ್ಷಕರು ಉಪಕರಣದ ಸೂಚಕದ ತಪ್ಪು ತುದಿಯನ್ನು ಓದಿರಬೇಕು, ಅದರಿಂದ ಸುಮಾರು ಏಳು ಡಿಗ್ರಿ ಹೆಚ್ಚಾಗಿರಬೇಕು ಎಂಬ ತೀರ್ಮಾನಕ್ಕೆ ತಜ್ಞರು ಬಂದರು. ಈಗ ಆ ಸ್ಥಾನದಲ್ಲಿ ಇರುವುದು ಅಮೆರಿಕದ ಡೆತ್ ವ್ಯಾಲಿಯ 56.7, 1913ರ ಜುಲೈ 10ರದ್ದು. ಲಿಬಿಯಾದ ಸುದ್ದಿ ಓದಿದ ದಿನ ನನಗೆ ನನ್ನ ಆ ಹತ್ತೊಂಬತ್ತೂವರೆ ನೆನಪಾಯಿತು. ಅಲ್ಲಿ ಪಕ್ಕದಲ್ಲಿ ನಿಂತು ‘ತಾಳೆ ನೋಡು’ ಎನ್ನುವ ಒಬ್ಬ ಹಿರಿಯರು ಇದ್ದಿದ್ದರೆ ಸಾಕಿತ್ತು.

ನೀವು ಕಂಡ ಮೂರು ಅಂಕಿಗಳಿಗೆ ಬರುತ್ತೇನೆ. ಮೂರೂ ಒಂದೇ ವಸ್ತುವನ್ನು ಅಳೆದಿರಲಿಕ್ಕಿಲ್ಲ. ಹವಾಮಾನ ಇಲಾಖೆಯ ವೀಕ್ಷಣಾಲಯ ಬೇರೆ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಹೋಬಳಿಗಳಲ್ಲಿ ನಿಲ್ಲಿಸಿರುವ ಸ್ವಯಂಚಾಲಿತ ಯಂತ್ರಗಳು ಬೇರೆ. ಆ ಯಂತ್ರಗಳಿಂದ ಬಹಳ ಉಪಕಾರವಾಗಿದೆ, ರೈತರಿಗೆ ಹತ್ತಿರದ ಮಾಹಿತಿ ಸಿಗುತ್ತದೆ. ಆದರೆ ಬಯಲಲ್ಲಿ ಒಂಟಿಯಾಗಿ ನಿಂತ ಸೆನ್ಸರನ್ನು ಆಗಾಗ ಹೋಗಿ ಪ್ರಮಾಣಿತ ಥರ್ಮಾಮೀಟರಿಗೆ ಹೋಲಿಸದಿದ್ದರೆ, ಅದರ ಕವಚದ ಮೇಲೆ ಧೂಳು ಕೂತು ಬಿಳಿ ಬಣ್ಣ ಮಾಸಿದರೆ, ಪಕ್ಕದಲ್ಲಿ ಯಾರೋ ಕಾಂಕ್ರೀಟ್ ಹಾಕಿಸಿದರೆ, ಒಂದೆರಡು ಡಿಗ್ರಿ ಏರುವುದು ದೊಡ್ಡದಲ್ಲ. 46 ಅಂಥ ಒಂದು ಹೋಬಳಿಯ ಅಂಕಿ ಇರಬಹುದು, 43 ಜಿಲ್ಲಾ ಕೇಂದ್ರದ ವೀಕ್ಷಣಾಲಯದ್ದು ಇರಬಹುದು. ಮೊಬೈಲಿನದು ಬಹುತೇಕ ಅಳತೆಯೇ ಅಲ್ಲ. ಕಂಪ್ಯೂಟರ್ ಮಾದರಿ ನಿಮ್ಮ ಪ್ರದೇಶಕ್ಕೆ ಹಾಕಿದ ಅಂದಾಜು. ಕರಾವಳಿಯಲ್ಲಿ ಮೊಬೈಲು ಇನ್ನೊಂದು ಗೊಂದಲ ಮಾಡುತ್ತದೆ: ಮಂಗಳೂರಿನಲ್ಲಿ ಗಾಳಿಯ ತಾಪ 36 ಇದ್ದರೂ, ಗಾಳಿಯ ತೇವ ಸೇರಿಸಿ ‘ಅನುಭವಕ್ಕೆ ಬರುವ ತಾಪ 45’ ಎನ್ನುತ್ತದೆ. ಅದನ್ನೇ ಯಾರೋ ತಲೆಬರಹಕ್ಕೆ ಎತ್ತಿಕೊಂಡರೆ ಮಂಗಳೂರಿನಲ್ಲಿ 45 ಡಿಗ್ರಿ ಆಗಿಬಿಡುತ್ತದೆ.

ಉಪಗ್ರಹದ ಚಿತ್ರಗಳ ವಿಷಯದಲ್ಲೂ ಹೀಗೇ. 2022ರ ಏಪ್ರಿಲ್ ಕೊನೆಯಲ್ಲಿ ವಾಯವ್ಯ ಭಾರತದ ಕೆಲವು ಕಡೆ 60 ಡಿಗ್ರಿ ದಾಟಿತು ಎಂಬ ಚಿತ್ರ ಓಡಾಡಿತು. ಅದು ನೆಲದ ಮೈಯ ತಾಪ, ಗಾಳಿಯದ್ದಲ್ಲ. ಮೇ ತಿಂಗಳ ಮಧ್ಯಾಹ್ನ ಎರೆಭೂಮಿಯ ಮೇಲೆ ಬರಿಗಾಲಿಟ್ಟವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

‘ದಾಖಲೆ’ ಎಂಬ ಮಾತಿಗೂ ಒಂದು ಪ್ರಶ್ನೆ ಹಾಕಿ: ಯಾವ ಕೇಂದ್ರದ ದಾಖಲೆ, ಯಾವಾಗಿನಿಂದ? ಬೆಂಗಳೂರು ನಗರದ ವೀಕ್ಷಣಾಲಯಕ್ಕೆ ನೂರಕ್ಕೂ ಹೆಚ್ಚು ವರ್ಷದ ಲೆಕ್ಕವಿದೆ. 1931ರ ಮೇ ತಿಂಗಳ 38.9 ಅಲ್ಲಿ 85 ವರ್ಷ ನಿಂತಿತ್ತು, 2016ರ ಏಪ್ರಿಲ್‌ನಲ್ಲಿ 39.2 ಬಂದು ಅದನ್ನು ಮುರಿಯಿತು. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದೇ 2008ರಲ್ಲಿ. ಎರಡೂ ಕಡೆಯ ‘ದಾಖಲೆ’ಗೆ ಒಂದೇ ತೂಕ ಕೊಡಲಾಗದು. ಸಫ್ದರ್‌ಜಂಗ್‌ನ 46.8ನ್ನು ‘79 ವರ್ಷಗಳಲ್ಲೇ ಗರಿಷ್ಠ’ ಎಂದು ಬರೆದರು. ಅದು ಸರಿಯೇ. ಆದರೆ ಇನ್ನೊಂದು ವರ್ಷ ಹಿಂದಕ್ಕೆ ಹೋದರೆ 1944ರ ಮೇ 29ರಂದು ಅಲ್ಲೇ 47.2 ಇತ್ತು. ‘79 ವರ್ಷ’ ಎಂದು ಓದಿದವರಲ್ಲಿ ಎಷ್ಟೋ ಜನ ಅದನ್ನು ಸಾರ್ವಕಾಲಿಕ ದಾಖಲೆ ಎಂದೇ ತಿಳಿದರು.

ಪತ್ರಿಕೆಯವರೆಲ್ಲ ಸುಳ್ಳು ಹೇಳುತ್ತಾರೆ ಎಂದು ನಾನು ಹೇಳುವುದಿಲ್ಲ. ಒಮ್ಮೆ ಸ್ಥಳೀಯ ವರದಿಗಾರರೊಬ್ಬರು ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿ ‘ಎಷ್ಟಾಯ್ತು ಸರ್, ದಾಖಲೆನಾ?’ ಎಂದರು. 43.8, ನಾಳೆ ಬೆಳಗ್ಗೆ ಮತ್ತೊಮ್ಮೆ ನೋಡಿ ಖಚಿತ ಮಾಡುತ್ತೇನೆ ಎಂದೆ. ಮರುದಿನ ಪತ್ರಿಕೆಯಲ್ಲಿ ‘45ರ ಗಡಿಯಲ್ಲಿ’ ಎಂದಿತ್ತು. ಫೋನ್ ಮಾಡಿದೆ. ತಲೆಬರಹ ನಾನು ಕೊಡುವುದಲ್ಲ ಸರ್ ಎಂದರು, ಆ ಮಾತು ನಿಜವಿತ್ತು. ತಿದ್ದುಪಡಿ ಹಾಕಿ ಎಂದು ಕೇಳಿದೆ, ಬರಲಿಲ್ಲ. ಎರಡು ವರ್ಷದ ನಂತರ ಅದೇ ಪತ್ರಿಕೆ ‘ಹಿಂದಿನ ದಾಖಲೆ 45’ ಎಂದು ತನ್ನದೇ ತಪ್ಪನ್ನು ಆಧಾರವಾಗಿ ಬರೆಯಿತು. ತಪ್ಪು ಹೀಗೆ ಬೇರು ಬಿಡುತ್ತದೆ.

ಹಾಗಾದರೆ ಬಿಸಿಲು ಏರುತ್ತಿದೆ ಎಂದು ನಾನು ನಂಬುವುದು ಯಾವುದರ ಮೇಲೆ? ಒಂದು ಊರಿನ ಒಂದು ಮಧ್ಯಾಹ್ನದ ಮೇಲಲ್ಲ. ದೇಶದ ಅಷ್ಟೂ ಕೇಂದ್ರಗಳ ವರ್ಷಪೂರ್ತಿ ಅಂಕಿಗಳನ್ನು ಸೇರಿಸಿ ತೆಗೆಯುವ ಸರಾಸರಿಯ ಮೇಲೆ. ಹವಾಮಾನ ಇಲಾಖೆಯ ಪ್ರಕಾರ 1901ರಿಂದೀಚೆಗೆ ಭಾರತದ ಅತ್ಯಂತ ಬಿಸಿಯಾದ ವರ್ಷ 2024. 1991ರಿಂದ 2020ರವರೆಗಿನ ಸರಾಸರಿಗಿಂತ 0.65 ಡಿಗ್ರಿ ಹೆಚ್ಚು. ಆ ಲೆಕ್ಕದಲ್ಲಿ ಮುಂಗೇಶ್‌ಪುರದಂಥ ಒಂದು ಸೆನ್ಸರ್ ಒಂದು ದಿನ ಕೆಟ್ಟರೆ ಏನೂ ಅಲುಗದು. 0.65 ಎಂಬ ಅಂಕಿ ಮುಖಪುಟಕ್ಕೆ ಬರುವಂಥದ್ದಲ್ಲ, ಅದಕ್ಕೇ ಜನರಿಗೆ ತಲುಪುವುದಿಲ್ಲ. ನನ್ನ ಮಟ್ಟಿಗೆ ಅದು 52.9ಕ್ಕಿಂತ ಹೆದರಿಸುವ ಅಂಕಿ.

ನಿಮ್ಮೂರಿನ 46ರ ಬಗ್ಗೆ ಇಲ್ಲಿ ಕೂತು ಹೌದು, ಅಲ್ಲ ಎನ್ನಲಾರೆ. ಆ ಎರಡು ಸುದ್ದಿಗಳನ್ನು ಮತ್ತೊಮ್ಮೆ ಓದಿ, ಕೇಂದ್ರದ ಹೆಸರು ಇದೆಯಾ ನೋಡಿ. ‘ಹವಾಮಾನ ಇಲಾಖೆ ಮೂಲಗಳು’ ಎಂದಷ್ಟೇ ಇದ್ದು ಊರು, ಕೇಂದ್ರ ಯಾವುದೂ ಇಲ್ಲದಿದ್ದರೆ ಆ ಅಂಕಿಯನ್ನು ಪಕ್ಕಕ್ಕಿಡಿ. ಹೆಸರಿದ್ದರೆ, ಅದೇ ದಿನ ಸುತ್ತಲಿನ ಮೂರ್ನಾಲ್ಕು ಕೇಂದ್ರಗಳಲ್ಲಿ ಎಷ್ಟಿತ್ತು ಎಂದು ಇಲಾಖೆಯ ಜಾಲತಾಣದಲ್ಲಿ ನೋಡಿ. ಬಯಲು ಸೀಮೆಯಲ್ಲಿ ಹತ್ತಿಪ್ಪತ್ತು ಕಿಲೋಮೀಟರಿಗೆ ಮೂರು ಡಿಗ್ರಿ ಜಿಗಿತ ಕಂಡರೆ ನಾನು ಮೊದಲು ಸಂಶಯಪಡುವುದು ಉಪಕರಣದ ಮೇಲೆ. ಪತ್ರಿಕೆಯ ತುಣುಕು ಇದ್ದರೆ ದಿನಾಂಕದ ಸಮೇತ ಇಲ್ಲೇ ಹಾಕಿ, ಒಟ್ಟಿಗೆ ತಾಳೆ ನೋಡೋಣ.