ಬೋಗಿ ನಂಬರ್ ಎಷ್ಟಮ್ಮಾ?

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಜರ್ಮನಿಯ ಕಾರ್ಲ್ಸ್‌ರೂಹೆಗೆ ಓದಲು ಬಂದು ಆರು ತಿಂಗಳಾಗಿದೆ, ಜೂನ್‌ನಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಪ್ಯಾರಿಸ್, ಸ್ವಿಟ್ಜರ್ಲೆಂಡ್, ಬರ್ಲಿನ್ ತೋರಿಸಬೇಕು ಅಂದಿದ್ದೀಯ. ಹಲವು ದೇಶ ಸುತ್ತುವ ರೈಲು ಪಾಸ್ ತಗೊಳ್ಳೋದಾ, ಬಿಡಿ ಟಿಕೆಟ್ಟಾ, ತಿಂಗಳ 63 ಯೂರೋ ಟಿಕೆಟ್ಟಲ್ಲೇ ಎಲ್ಲ ಮುಗಿಸಬಹುದಾ ಅಂತ ಕೇಳಿ, ಕೊನೆಗೆ, "ಅಕ್ಕಾ, ಸೀಟಿಗೆ ಬೇರೆ ದುಡ್ಡು ಕೇಳ್ತಿದೆ, ಬಿಟ್ರೆ ನಡೆಯುತ್ತಾ?" ಅಂದಿದ್ದೀಯ. ಆ ಕೊನೆಯದಕ್ಕೇ ಮೊದಲು ಹೇಳ್ತೀನಿ. ಬಿಡಬೇಡ.

ನಾನು 2008ರಲ್ಲಿ ಬಂದಿಳಿದ ದಿನ ಫ್ರಾಂಕ್‌ಫರ್ಟ್ ಏರ್‌ಪೋರ್ಟ್ ಸ್ಟೇಷನ್ನಲ್ಲಿ ಸ್ಟುಟ್‌ಗಾರ್ಟ್‌ಗೆ ಟಿಕೆಟ್ ತಗೊಂಡು ನೋಡಿದರೆ ಅದರಲ್ಲಿ ಬೋಗಿ ನಂಬರೂ ಇಲ್ಲ, ಸೀಟ್ ನಂಬರೂ ಇಲ್ಲ. ಎರಡನೇ ದರ್ಜೆ ಅಂತ ಮಾತ್ರ ಇತ್ತು. ವೇಟಿಂಗ್ ಲಿಸ್ಟಲ್ಲಿರಬೇಕು ಅಂದುಕೊಂಡು ಎರಡು ಸೂಟ್‌ಕೇಸ್ ಎಳ್ಕೊಂಡು ಮತ್ತೆ ಕೌಂಟರ್‌ಗೆ ಹೋಗಿ, "ಕನ್ಫರ್ಮ್ ಆಗಿದೆಯಾ?" ಅಂತ ಕೇಳಿದೆ. ಅಲ್ಲಿದ್ದಾಕೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಜರ್ಮನಿಯಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಟಿಕೆಟ್ ಇದ್ದರೆ ರೈಲು ಹತ್ತಬಹುದು, ಅಷ್ಟೇ. ಚಾರ್ಟ್ ಇಲ್ಲ, ಆರ್‌ಎಸಿ ಇಲ್ಲ, ಕೇಳಿಕೊಂಡರೆ ಬರ್ತ್ ಹುಡುಕಿಕೊಡುವ ಟಿಟಿಯೂ ಇಲ್ಲ. ಸೀಟು ಬೇಕಿದ್ದರೆ ತಲೆಗೆ ಸುಮಾರು ಐದು ಯೂರೋ ಕೊಟ್ಟು ಕಾಯ್ದಿರಿಸಬೇಕು. ಟಿಕೆಟ್ ಆಗಲೇ ತಗೊಂಡಿದ್ದರೂ ಬರೀ ಸೀಟು ಮಾತ್ರ ಆಮೇಲೆ ತಗೋಬಹುದು.

ಉಳಿದದ್ದು ಬೇಗ ಹೇಳಿಬಿಡ್ತೀನಿ. 63 ಯೂರೋ ಟಿಕೆಟ್ 2023ರ ಮೇನಲ್ಲಿ 49ಕ್ಕೆ ಶುರುವಾಗಿದ್ದು. ಊರೊಳಗಿನ ಬಸ್ಸು, ಟ್ರಾಮು, ಪ್ರಾದೇಶಿಕ ರೈಲು ಇಷ್ಟಕ್ಕೆ ಮಾತ್ರ. ದೂರದೂರಿಗೆ ಹೋಗುವ ವೇಗದ ರೈಲು ಐಸಿಇ ಹತ್ತುವ ಹಾಗಿಲ್ಲ. ಅದರಲ್ಲಿ ಬರ್ಲಿನ್‌ಗೆ ಹೋಗ್ತೀನಿ ಅಂದರೆ ಹೆಜ್ಜೆಹೆಜ್ಜೆಗೂ ರೈಲು ಬದಲಿಸಬೇಕು. ನಿನ್ನ ವಯಸ್ಸಿಗೆ ಸರಿ, ಅಮ್ಮನಿಗೆ ಬೇಡ. ಊರು ಸುತ್ತೋಕೆ ಅಪ್ಪ ಅಮ್ಮನಿಗೆ ತಗೊಂಡರೆ, ಅದು ತಿಂಗಳ ಚಂದಾ, ನಿಲ್ಲಿಸೋದನ್ನ ಅದೇ ತಿಂಗಳ ಹತ್ತನೇ ತಾರೀಖಿನೊಳಗೆ ತಿಳಿಸಬೇಕು, ನೆನಪಿರಲಿ. ಪಾಸ್ ವಿಷಯಕ್ಕೆ ಬಂದರೆ, ಅವರಿಗೆ ಯೂರೇಲ್ ಅನ್ನೋ ಪಾಸ್ ಸಿಗುತ್ತೆ, ಇಲ್ಲೇ ವಾಸ ಇರುವ ನಿನಗೆ ಇಂಟರ್‌ರೇಲ್. ಮೂರು ಊರಿಗೆ ಪಾಸ್ ಬೇಕಾಗಲ್ಲ ಅನ್ನೋದು ನನ್ನ ಅಭಿಪ್ರಾಯ. ಪಾಸ್ ಇದ್ದರೂ ಫ್ರಾನ್ಸಿನ ವೇಗದ ರೈಲು ಟಿಜಿವಿಯಲ್ಲಿ ಸೀಟಿಗೆ ಬೇರೆ ದುಡ್ಡು ಕೊಡಲೇಬೇಕು.

ಪ್ಯಾರಿಸ್ ರೈಲಿನಲ್ಲಿ ಸೀಟಿನ ಚಿಂತೆ ಇಲ್ಲ, ಅಲ್ಲಿ ರಿಸರ್ವೇಷನ್ ಕಡ್ಡಾಯ, ಟಿಕೆಟ್ ಜೊತೇಲೇ ಬರುತ್ತೆ. ಕಾರ್ಲ್ಸ್‌ರೂಹೆಯಿಂದ ನೇರ ರೈಲಿದೆ, ಪ್ಯಾರಿಸ್ಸಿನ ಪೂರ್ವ ನಿಲ್ದಾಣಕ್ಕೆ, ಗಾರ್ ದ ಲೆಸ್ಟ್‌ಗೆ, ಹೋಗಿ ನಿಲ್ಲುತ್ತೆ. ಆದರೆ ಅಲ್ಲಿಂದ ಸ್ವಿಟ್ಜರ್ಲೆಂಡ್‌ಗೆ ಹೊರಡುವ ಟಿಜಿವಿ ಇನ್ನೊಂದು ನಿಲ್ದಾಣದಿಂದ, ಗಾರ್ ದ ಲಿಯೋನ್‌ನಿಂದ. ಮೆಜೆಸ್ಟಿಕ್‌ನಲ್ಲಿ ಇಳಿದು ಯಶವಂತಪುರದಲ್ಲಿ ಹತ್ತಿದ ಹಾಗೆ. ಸಾಮಾನು ಹೊತ್ತು ಊರು ದಾಟೋಕೆ ಸಮಯ ಇಟ್ಟುಕೋ. ಸ್ವಿಟ್ಜರ್ಲೆಂಡ್ ಒಳಗೆ ಮಾಮೂಲಿ ರೈಲುಗಳಿಗೆ ರಿಸರ್ವೇಷನ್ ಬೇಕಿಲ್ಲ, ಪ್ರವಾಸಿಗರಿಗೆಂದೇ ಓಡುವ ಗ್ಲೇಸಿಯರ್ ಎಕ್ಸ್‌ಪ್ರೆಸ್ ಥರದ್ದಕ್ಕೆ ಬೇಕು.

ಅವರು ವಿಮಾನ ಇಳಿಯುವ ದಿನಕ್ಕೆ ಮಾತ್ರ ಅಗ್ಗದ ಟಿಕೆಟ್ ತಗೋಬೇಡ. ಅದು ಒಂದೇ ರೈಲಿಗೆ ಕಟ್ಟುಬಿದ್ದಿರುತ್ತೆ. ರೈಲೇ ತಡವಾದರೆ ಬೇರೆ ರೈಲು ಹತ್ತೋಕೆ ದಾರಿ ಇದೆ, ವಿಮಾನ ತಡವಾದರೆ ಟಿಕೆಟ್ ಹೋದ ಹಾಗೇ. ಆವತ್ತಿಗೆ ಯಾವ ರೈಲಿಗಾದರೂ ನಡೆಯುವ ಪೂರ್ತಿ ದರದ ಟಿಕೆಟ್ ತಗೋ. ಹೆಸರು ಪಾಸ್‌ಪೋರ್ಟಲ್ಲಿ ಇರುವ ಹಾಗೇ ಹಾಕು. ನಿಮ್ಮಪ್ಪನ ಇನಿಷಿಯಲ್ ಬಿಡಿಸಿ ಬರೆದಿದ್ದಾರಾ, ಊರ ಹೆಸರು ಸೇರಿದೆಯಾ, ಒಮ್ಮೆ ನೋಡ್ಕೋ.

ಈಗ ಬರ್ಲಿನ್. ಇದನ್ನ ಸ್ವಲ್ಪ ದೊಡ್ಡದಾಗಿ ಬರೀತೀನಿ.

ನಮ್ಮಪ್ಪ ಅರಸೀಕೆರೆ ಸ್ಟೇಷನ್ನಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದವರು. ದಪ್ಪ ರಟ್ಟಿನ ಪುಟ್ಟ ಟಿಕೆಟ್ಟುಗಳ ಕಾಲದಿಂದ ಕಂಪ್ಯೂಟರ್ ಬರೋವರೆಗೂ ಅದೇ ಕಿಂಡಿ. ರಟ್ಟನ್ನ ತಾರೀಖಿನ ಮೆಷಿನ್‌ಗೆ ತೂರಿಸಿದಾಗ ಟಕ್ ಅನ್ನುತ್ತಿದ್ದದ್ದು ನನಗೆ ಇವತ್ತಿಗೂ ಕಿವೀಲಿದೆ. ನಾವು ಎಲ್ಲಿಗೇ ಹೊರಟರೂ ಬೋಗಿ ನಂಬರು, ಸೀಟ್ ನಂಬರು ಒಂದು ಚೀಟೀಲಿ ಬರೆದು ಷರಟಿನ ಜೇಬಿಗೆ ಹಾಕಿಕೊಳ್ಳೋರು. 2012ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದರು. ಪೆಂಟೆಕೋಸ್ಟ್ ಅನ್ನೋ ಕ್ರೈಸ್ತ ಹಬ್ಬದ ರಜೆಯ ಶುಕ್ರವಾರ ಸ್ಟುಟ್‌ಗಾರ್ಟ್‌ನಿಂದ ಬರ್ಲಿನ್‌ಗೆ ಹೊರಟೆವು. ನಾನು ನಾಲ್ಕು ವರ್ಷದಿಂದ ಇಲ್ಲಿರೋಳು, ಸೀಟು ಸಿಕ್ಕೇ ಸಿಗುತ್ತೆ ಅಂತ ಧೈರ್ಯ. ಮೂರು ಜನಕ್ಕೆ ಇಪ್ಪತ್ತು ಯೂರೋ ಕೂಡ ಆಗುತ್ತಿರಲಿಲ್ಲ, ಅದನ್ನೇ ಉಳಿಸಿದೆ.

ಪ್ಲಾಟ್‌ಫಾರಂನಲ್ಲಿ ಅಪ್ಪ ಪೆನ್ನು ತೆಗೆದು, "ಬೋಗಿ ನಂಬರ್ ಎಷ್ಟಮ್ಮಾ?" ಅಂದರು.

"ಇಲ್ಲಿ ಹಾಗೆಲ್ಲ ಇಲ್ಲಪ್ಪ, ಎಲ್ಲಿ ಬೇಕಾದರೂ ಕೂತ್ಕೋಬಹುದು" ಅಂದೆ. ಅವರು ಪೆನ್ನಿನ ಕ್ಯಾಪ್ ಹಾಕಿ ಜೇಬಿಗಿಟ್ಟರು.

ಖಾಲಿ ಇದ್ದ ಎರಡು ಸೀಟಲ್ಲಿ ಅವರನ್ನ ಕೂರಿಸಿದೆ. ಸೀಟಿನ ಮೇಲಿನ ಪಟ್ಟಿಯಲ್ಲಿ 'ಮಾನ್‌ಹೈಮ್–ಬರ್ಲಿನ್' ಅಂತ ಬರೆದಿತ್ತು, ನಾನು ತಲೆಯೆತ್ತಿ ನೋಡಲಿಲ್ಲ. ಮುಕ್ಕಾಲು ಗಂಟೆಗೆ ಮಾನ್‌ಹೈಮ್ ಬಂತು, ಆ ಸೀಟಿನವರೂ ಬಂದರು. ತಪ್ಪು ಅವರದ್ದಲ್ಲ, ಕಾಸು ಕೊಟ್ಟ ಸೀಟು. ಅಷ್ಟರಲ್ಲಿ ಓಡಾಡುವ ಜಾಗದಲ್ಲೂ ಜನ. ಒಬ್ಬ ಹುಡುಗ ಎದ್ದು ಅಮ್ಮನಿಗೆ ಜಾಗ ಕೊಟ್ಟ. ಅಪ್ಪ ಬಾಗಿಲ ಪಕ್ಕ ಸೂಟ್‌ಕೇಸ್ ಮೇಲೆ ಕೂತರು. ಪ್ರತಿ ಸ್ಟೇಷನ್ನಲ್ಲೂ ಎದ್ದು, ಸೂಟ್‌ಕೇಸ್ ಸರಿಸಿ, ಇಳಿಯೋರಿಗೆ ದಾರಿ ಬಿಟ್ಟು ಮತ್ತೆ ಕೂರೋರು. ಕಾಸೆಲ್‌ನಲ್ಲಿ ಸೀಟು ಸಿಕ್ಕಿತು. "ಪರವಾಗಿಲ್ಲ ಬಿಡಮ್ಮ, ಬಾಗಿಲ ಹತ್ತಿರ ಹೊರಗಡೆ ಚೆನ್ನಾಗಿ ಕಾಣುತ್ತೆ" ಅಂದರು. ಆ ರಾತ್ರಿ ಮಂಡಿ ಊದಿಕೊಂಡು ನಿದ್ದೆಯಿಲ್ಲ ಅನ್ನೋದನ್ನ ಅಮ್ಮ ನನಗೆ ಹೇಳಿದ್ದು ಎರಡು ವರ್ಷ ಆದಮೇಲೆ. ಅಪ್ಪ ಈಗ ಅಷ್ಟು ದೂರ ಪ್ರಯಾಣ ಮಾಡೋ ಹಾಗಿಲ್ಲ.

ಇಪ್ಪತ್ತು ಯೂರೋಗಿಂತ ನನ್ನನ್ನ ಚುಚ್ಚೋದು ಆ ಮಾತು. "ಇಲ್ಲಿ ಹಾಗೆಲ್ಲ ಇಲ್ಲ." ಇತ್ತು. ಇಲ್ಲೂ ಬೋಗಿ ನಂಬರ್ ಇದೆ, ಸೀಟ್ ನಂಬರ್ ಇದೆ. ಜೀವನವಿಡೀ ಬೇರೆಯವರಿಗೆ ಟಿಕೆಟ್ ಕೊಟ್ಟ ಮನುಷ್ಯ ಸರಿಯಾದ ಪ್ರಶ್ನೇನೇ ಕೇಳಿದ್ದರು.

ಅದಕ್ಕೇ ಹೇಳ್ತಿರೋದು, ಬರ್ಲಿನ್ ರೈಲಿಗೆ ಇವತ್ತೇ ಮೂರು ಸೀಟು ಹಾಕು. ಕಾಯ್ದಿರಿಸುವಾಗ ಸೀಟುಗಳ ನಕ್ಷೆ ತೋರಿಸುತ್ತೆ, ಟೇಬಲ್ ಇರುವ ಕಡೆ ತಗೋ, ಬುತ್ತಿ ಬಿಚ್ಚೋಕೆ ಅನುಕೂಲ. ನಿಶ್ಶಬ್ದದ ಬೋಗಿ ಬೇಡ, ಅಮ್ಮ ಅಲ್ಲಿಂದಲೇ ಊರಿಗೆ ವಿಡಿಯೋ ಕಾಲ್ ಮಾಡ್ತಾರೆ. ರೈಲು ಬದಲಿಸೋದಿದ್ದರೆ ನಡುವೆ ಅರ್ಧ ಗಂಟೆಯಾದರೂ ಇರಲಿ. ಪ್ಲಾಟ್‌ಫಾರಂ ಬೋರ್ಡಲ್ಲಿ ಬೋಗಿ ಎ, ಬಿ, ಸಿ ಯಾವ ಅಕ್ಷರದ ಹತ್ತಿರ ನಿಲ್ಲುತ್ತೆ ಅಂತ ಬರುತ್ತೆ, ಮೊದಲೇ ಹೋಗಿ ಅಲ್ಲೇ ನಿಲ್ಲಿ. ಹತ್ತಿದ ತಕ್ಷಣ ಕೂತ್ಕೊಳ್ಳಿ. ರೈಲು ಹೊರಟು ಹದಿನೈದು ನಿಮಿಷವಾದರೂ ಬಂದು ಕೂರದಿದ್ದರೆ ಆ ಸೀಟಿನ ಮೇಲೆ ನಿಮಗೆ ಹಕ್ಕಿರಲ್ಲ. ಕೆಲವು ರೈಲು ದಾರಿ ಮಧ್ಯೆ ಹಾಮ್‌ನಂಥ ಊರಲ್ಲಿ ಎರಡು ತುಂಡಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ, ಅದಕ್ಕೂ ಬೋಗಿ ನಂಬರೇ ಆಧಾರ.

ಎಲ್ಲ ನಿನ್ನ ಫೋನಲ್ಲೇ ಇರುತ್ತೆ, ಗೊತ್ತು. ಆದರೂ ಒಂದು ಚೀಟೀಲಿ ಬೋಗಿ ನಂಬರು, ಸೀಟ್ ನಂಬರು ಕನ್ನಡದಲ್ಲಿ ದೊಡ್ಡದಾಗಿ ಬರೆದು ನಿಮ್ಮಪ್ಪನ ಜೇಬಿಗೆ ಹಾಕು. ಸ್ಟುಟ್‌ಗಾರ್ಟ್ ಮೇಲೆ ಹಾದುಹೋಗೋ ದಿನ ಇದ್ದರೆ ಆ ನಂಬರು ನನಗೂ ಕಳಿಸು, ಪುಳಿಯೋಗರೆ ಡಬ್ಬಿ ಹಿಡ್ಕೊಂಡು ಸರಿಯಾಗಿ ಆ ಬಾಗಿಲ ಎದುರಿಗೇ ನಿಂತಿರ್ತೀನಿ.