ಗೋಲಿಯ ತುದಿ ನೋಡಿ
ಅಜ್ಜನ ಡಬ್ಬಿಯಲ್ಲಿ ಸಿಕ್ಕ, ಒಳಗೆ ಬಣ್ಣದ ಎಳೆ ತಿರುಚಿಕೊಂಡಿರುವ ಗೋಲಿ ಹಳೇ ಜರ್ಮನ್ ಗೋಲಿನಾ ಅಂತ ಕೇಳಿದ್ದೀರಿ. ಬಣ್ಣ ಬಿಡಿ, ಮೊದಲು ತುದಿ ನೋಡಿ. ಜರ್ಮನಿಯ ಲೌಶಾ ಊರಿನವರು ಬಣ್ಣದ ಗಾಜಿನ ಕೋಲು ಕಾಯಿಸಿ, ತಿರುಚಿ, ಒಂದು ಬಗೆಯ ಕತ್ತರಿಯಿಂದ ಒಂದೊಂದೇ ಗೋಲಿ ಕತ್ತರಿಸುತ್ತಿದ್ದರು. ಕತ್ತರಿಸಿದ ಕಡೆ ಒರಟು ಗುರುತು ಉಳಿಯುತ್ತದೆ, ಉಗುರಿಗೆ ತಡೆಯುತ್ತದೆ. ಎಳೆಗಳೂ ಅಲ್ಲೇ ಬಂದು ಸೇರುತ್ತವೆ. ಕೆಲವನ್ನು ಉಜ್ಜಿ ನಯ ಮಾಡಿರುತ್ತಾರೆ, ಆಗ ಲೆನ್ಸ್ ಬೇಕಾಗುತ್ತದೆ. ಸುತ್ತಲೂ ನುಣ್ಣಗಿದ್ದು, ಒಳಗೆ ಬೆಕ್ಕಿನ ಕಣ್ಣಿನಂಥ ಎಸಳಿದ್ದರೆ ಅದು ಮಷೀನ್ ಗೋಲಿ, ಎರಡನೇ ಮಹಾಯುದ್ಧದ ನಂತರದ್ದು. ಬರೀ ತಿಳಿಹಸಿರಾದರೆ ಗೋಲಿ ಸೋಡಾ ಬಾಟಲಿಯದ್ದೇ ಇರಬಹುದು! ಗೀರು ಜಾಸ್ತಿ ಇದೆ ಅಂತ ಸುಮ್ನೆ ಪಾಲಿಶ್ ಮಾಡಿಸಬೇಡಿ, ಸಂಗ್ರಹಕಾರರಿಗೆ ಮೂಲ ಮೈಯೇ ಮುಖ್ಯ. ತುದಿಯ ಫೋಟೋ ಹತ್ತಿರದಿಂದ ತೆಗೆದು ಹಾಕಿ, ನೋಡೋಣ.