10 ಸಾವಿರ ರೂಪಾಯಿಗೆ ಮನೆಯಲ್ಲೇ ಮರಗೆಲಸ: ದುಡ್ಡು ಎಲ್ಲಿ ಹಾಕಬೇಕು?

ಪ್ರಶ್ನೆ: ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಹಿತ್ತಿಲಲ್ಲಿ ಶೀಟು ಹೊದಿಸಿದ 6×8 ಅಡಿ ಜಾಗವಿದೆ. ಪುಸ್ತಕದ ಶೆಲ್ಫು, ಸ್ಟೂಲು ಇಂಥವನ್ನು ರಜೆಯಲ್ಲಿ ನಾನೇ ಮಾಡಬೇಕೆಂಬ ಆಸೆ. ಎತ್ತಿಟ್ಟಿರುವುದು 10 ಸಾವಿರ. ಮಾರ್ಬಲ್ ಕಟ್ಟರ್ ತಂದು ಹಲಗೆಯಡಿ ತಲೆಕೆಳಗಾಗಿ ಕೂರಿಸಿದರೆ ಟೇಬಲ್ ಸಾ (ಮೇಜಿನಿಂದ ಬ್ಲೇಡ್ ಮೇಲೆ ಚಾಚಿರುವ ಗರಗಸ ಯಂತ್ರ) ಆಗುತ್ತದೆ ಅನ್ನುತ್ತಾನೆ ಗೆಳೆಯ. ಹಾಗೇ ಶುರುಮಾಡಲಾ ಸರ್?

ಉತ್ತರ: ಬೇಡ. ಬಡಗಿಗಳು ಹಾಗೆ ಮಾಡುವುದನ್ನು ನೀವೂ ನೋಡಿರುತ್ತೀರಿ, ಆದರೂ ಬೇಡ. ಅದು ಕಲ್ಲು ಕೊಯ್ಯುವ ಯಂತ್ರ, ನಿಮಿಷಕ್ಕೆ 12 ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಸೀಳುತ್ತಿರುವ ಮರ ಬಿಗಿದುಕೊಂಡು ಬ್ಲೇಡನ್ನು ಕಚ್ಚಿದರೆ ಹಲಗೆ ನಿಮ್ಮ ಮೇಲೇ ಚಿಮ್ಮುತ್ತದೆ. ಹಾಗಾಗದಿರಲೆಂದು ಟೇಬಲ್ ಸಾದಲ್ಲಿ ಬ್ಲೇಡಿನ ಹಿಂದೆ ಒಂದು ತೆಳು ಲೋಹದ ಪಟ್ಟಿ ಇರುತ್ತದೆ, ಇದರಲ್ಲಿಲ್ಲ. ಲೋಹ ಉಜ್ಜುವ ಆ್ಯಂಗಲ್ ಗ್ರೈಂಡರ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದಂತೂ ಇನ್ನೂ ಅಪಾಯ. ಉದ್ದಕ್ಕೆ ಸೀಳುವ ಕೆಲಸ ಸಾಮಿಲ್ಲಿಗೆ ಬಿಡಿ. ಮರ ಕೊಳ್ಳುವಾಗಲೇ ಬೇಕಾದ ಅಗಲಕ್ಕೆ ಸೀಳಿಸಿ, ಪ್ಲೇನಿಂಗ್ ಮಾಡಿಸಿ (ಮೈ ಹೆರೆಸಿ ನಯ ಮಾಡಿಸಿ) ತನ್ನಿ. ಒಂದಿಂಚಿನ ಹಲಗೆ ಆಮೇಲೆ ಮುಕ್ಕಾಲಿಂಚಿಗೆ ಇಳಿಯುತ್ತದೆ, ಲೆಕ್ಕದಲ್ಲಿರಲಿ.

ನಿಮ್ಮ ದುಡ್ಡು ಹೋಗಬೇಕಾದ್ದು ಹಿಡಿತಕ್ಕೆ ಮತ್ತು ಹರಿತಕ್ಕೆ. ಮರ ಅಲ್ಲಾಡುತ್ತಿದ್ದರೆ ಎಂಥ ಗರಗಸವೂ ಸೊಟ್ಟ ಹೋಗುತ್ತದೆ. ಕೆಡವಿದ ಮನೆಗಳ ಮರ ಮಾರುವವರ ಹತ್ತಿರ ಗಟ್ಟಿ ಬಾಗಿಲೊಂದು, ಕಾಲಿಗೆ ಚೌಕಟ್ಟಿನ ತುಂಡುಗಳು ಸಿಕ್ಕರೆ ಬೆಂಚು ಆದಂತೆಯೇ. ಗರಗಸ ಇಡುವ ಮುಂಚೆ ಅಯಸ್ಕಾಂತ ಆಡಿಸಿ ಹಳೇ ಮೊಳೆ ಹುಡುಕಿ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟು ಬರುವಷ್ಟು ಎತ್ತರ ಸಾಕು. ಕೆಳಗೊಂದು ಅಡ್ಡಹಲಗೆ ಕೊಟ್ಟು ಇಟ್ಟಿಗೆ ಹೇರಿ. ಜೊತೆಗೆ ನಾಲ್ಕು ಕ್ಲ್ಯಾಂಪು. ಬೆಂಚು ಆಗುವವರೆಗೆ ಕಾಯಬೇಕಿಲ್ಲ, ನಮ್ಮ ಹಳೇ ಬಡಗಿಗಳು ನೆಲದಲ್ಲಿ ಕೂತು ಕಾಲಲ್ಲೇ ಮರ ಅದುಮಿ ಹಿಡಿದು ಬಾಗಿಲು ಕಿಟಕಿ ಮಾಡಿದವರು.

ಇನ್ನು ಕೈಗರಗಸ, ಮರದ ಮೈ ಹೆರೆಯುವ ಹತ್ತರಿ, ಉಳಿಗೆ ಹೊಡೆಯುವ ಕೊಡತಿ, 6, 12, 25 ಮಿ.ಮೀ. ಉಳಿಗಳು, ಮೂಲೆಮಟ್ಟ. ಯಂತ್ರ ಅಂತ ಒಂದು ಡ್ರಿಲ್. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ: ನೇರ ಅಂಚಿರುವ ಹಲಗೆಗೆ ಒತ್ತಿಟ್ಟು ಗೆರೆ ಎಳೆದು, ಮಗುಚಿ ಹಾಕಿ ಅದೇ ಜಾಗದಲ್ಲಿ ಇನ್ನೊಂದು ಎಳೆಯಿರಿ. ಎರಡೂ ಒಂದರ ಮೇಲೊಂದು ಕೂರದಿದ್ದರೆ ಬೇರೆ ಕೇಳಿ, ಸಂಕೋಚ ಬೇಡ.

ಹೊಸ ಉಳಿ ಅಂಗಡಿಯಿಂದ ಹರಿತವಾಗಿ ಬರುವುದು ಅಪರೂಪ. ದುಬಾರಿ ಸಾಣೆಕಲ್ಲು ಬೇಕಿಲ್ಲ. ಗ್ರಾನೈಟ್ ಅಂಗಡಿಯ ಹಿಂದೆ ಅಡುಗೆಕಟ್ಟೆ ಕೊಯ್ದು ಮಿಕ್ಕ ಪಾಲಿಶ್ ತುಂಡು ಬಿದ್ದಿರುತ್ತದೆ, ಕೇಳಿ ತನ್ನಿ. ಅದರ ಮೇಲೆ ನೀರು ಚಿಮುಕಿಸಿ 220, 400, 800, 1200ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ, ಅಂಕಿ ಏರಿದಷ್ಟೂ ನಯ) ಅಂಟಿಸುತ್ತಾ ಹೋಗಿ. ಮೊದಲು ಉಳಿಯ ಬೆನ್ನು, ಅಂದರೆ ಚಪ್ಪಟೆ ಬದಿ, ತುದಿಯ ಒಂದಿಂಚಾದರೂ, ಕನ್ನಡಿಯಂತಾಗಬೇಕು. ಆಮೇಲೆ ಇಳಿಜಾರು ಭಾಗವನ್ನು 25ರಿಂದ 30 ಡಿಗ್ರಿಯಲ್ಲಿ ಉಜ್ಜಿ. ಬೆನ್ನ ಕಡೆ ಬೆರಳು ಸವರಿದರೆ ಕೂದಲೆಳೆಯಷ್ಟು ಸಿವುರು (ಉಜ್ಜಿದಾಗ ಅಂಚಿನಲ್ಲಿ ಮಡಚಿಕೊಳ್ಳುವ ಲೋಹದ ಎಳೆ) ತಗಲಬೇಕು. ತಗಲುವವರೆಗೆ ಮುಂದಿನ ಪೇಪರಿಗೆ ಹೋಗಬೇಡಿ. ಮೆತ್ತನೆ ಮರದ ಅಡ್ಡಕೊಯ್ತದ ತುದಿ ಪುಡಿಯಾಗದೆ, ಹೊಳಪಾಗಿ ಸೀಳಿ ಬಂದರೆ ಹರಿತ ಸರಿಯಿದೆ.

ಮರಕ್ಕೆ ತೇಗ, ಹೊನ್ನೆ ಈಗಲೇ ಬೇಡ. ನಿಮ್ಮ ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕೈ ಕಲಿಯಲು ಅಗ್ಗದ ಮರ. ಹಸಿ ಇರಬಹುದು. ಹಲಗೆಗಳ ನಡುವೆ ರೀಪು ಕೊಟ್ಟು ಗಾಳಿಯಾಡುವಂತೆ ಅಟ್ಟಿ ಹಾಕಿ, ಮಲೆನಾಡ ಅಂಚಿನ ಮಳೆಗಾಲದಲ್ಲಂತೂ ಅವಸರ ಮಾಡಬೇಡಿ. ಮರದ ಧೂಳು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ. ಉಪ್ಪುಕಾಗದ ಉಜ್ಜುವಾಗ ಎನ್95 ಮಾಸ್ಕ್ ಹಾಕಿಕೊಳ್ಳಿ.

ಪ್ರಶ್ನೆ: ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಹೊರದೇಶದಿಂದ ಯಂತ್ರ ಬಂದ ಪ್ಯಾಲೆಟ್‌ಗಳನ್ನು (ಸರಕಿನ ಅಡಿಗೆ ಇಡುವ ಮರದ ಹಲಗೆ ಚೌಕಟ್ಟು) ಗುಜರಿಗೆ ಹಾಕುತ್ತಾರೆ. ಆ ಪೈನ್ ಮರ ಮನೆಗೆ ಬಳಸಬಹುದೇ?

ಉತ್ತರ: ಪಕ್ಕದಲ್ಲಿ ಸುಟ್ಟು ಒತ್ತಿದ ಗುರುತು ನೋಡಿ. ಎಚ್‌ಟಿ ಎಂದಿದ್ದರೆ ಕೀಟ ಸಾಯಲು ಶಾಖ ಕೊಟ್ಟ ಮರ, ತನ್ನಿ. ಎಂಬಿ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಬಿಡಿ. ಎಣ್ಣೆ ಕುಡಿದು ಕಪ್ಪಾದದ್ದೂ ಬೇಡ. ಬಿಚ್ಚುವಾಗ ಸಬ್ಬಲ್ ಹಾಕಿ ಎಬ್ಬಿದರೆ ಹಲಗೆ ಸೀಳುತ್ತದೆ; ಸಂದಿಗೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಯನ್ನೇ ಕೊಯ್ದುಬಿಡಿ.